ಅಪೇಕ್ಷೆಗಳಿದ್ದಲ್ಲಿ ತಿಳಿಸತಕ್ಕದ್ದು

"ಇರಿಯ ಅಲ್ಲವೋ ಮುಂಡೇದೆ, ಹಿರಿಯ. ಹಿರಿಯ ನಾಗರಿಕರು. ಯಾರನ್ನ ಇರಿಯೋಕೆ ಹೊರಟಿದ್ದೀಯಾ? ನನ್ನನ್ನಾ?"

ಪಾರ್ಕಿನ ಗೇಟಿನ ಮುಂದೆ ವಾಕಿಂಗ್ ಮುಗಿಸಿದವರು ಇಪ್ಪತ್ತು ಮೂವತ್ತು ಮಂದಿ ನಿಂತಿದ್ದರು. ಹೊಟ್ಟೆ ಕುಣಿಸಿಕೊಂಡು ನಕ್ಕರು. ಬಡಾವಣೆ ಸಂಘದ ಅಧ್ಯಕ್ಷರು ಬಿಳಿ ಶೂ ಹಾಕಿದ ಒಂದು ಕಾಲನ್ನು ನನ್ನ ಸೈಕಲ್ ಗಾಡಿಯ ಹಲಗೆಯ ಮೇಲಿಟ್ಟು, ಕತ್ತಿನ ಟವೆಲ್ಲಿನಿಂದ ಬೆವರೊರೆಸಿಕೊಂಡರು.

"ಬಾಯಿ ತೆಗಿ. ಹ ಅನ್ನು."

"ಹ."

"ಹೊಟ್ಟೆಯಿಂದ ಗಾಳಿ ಬರಬೇಕು ಕಣೋ. ತಿಂದಿದ್ದೀಯೋ ಇಲ್ವೋ?"

"ಹಾ."

"ನೋಡ್ರಪ್ಪಾ, ಮೀಸೆ ಬಂದ ಕೋಣಕ್ಕೆ ನಾನು ಅ ಆ ಇ ಈ ತಿದ್ದಿಸಬೇಕು. ಇಂಥ ನನ್ಮಕ್ಕಳ ಬಾಯಿಗೆ ಮೈಕ್ ಕೊಟ್ಟಿದ್ದು ನಮ್ಮ ತಪ್ಪು."

ನನ್ನನ್ನು ಎಲ್ಲರೂ ಮೈಕು ಅಂತಲೇ ಕರೆಯುತ್ತಾರೆ. ಮೂರು ಗಾಲಿಯ ಸೈಕಲ್ ಗಾಡಿ, ಹಿಂದೆ ಹಲಗೆ, ಹಲಗೆಯ ಮೇಲೆ ಲಾರಿಯ ಹಳೇ ಬ್ಯಾಟರಿ, ಆಂಪ್ಲಿಫೈಯರು, ಅದರ ಮೇಲೆ ತಗಡಿನ ಹಾರ್ನು. ನೀರು ಬರುವುದಿಲ್ಲ, ಕರೆಂಟು ಹೋಗುತ್ತದೆ, ಯಾರದೋ ನಾಯಿ ಕಳೆದಿದೆ, ಭಾನುವಾರ ಸಭೆ ಇದೆ. ಬಡಾವಣೆಗೆ ಏನು ಗೊತ್ತಾಗಬೇಕಾದರೂ ನನ್ನ ಗಂಟಲಿನಿಂದಲೇ ಗೊತ್ತಾಗಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಓದು ಬರುತ್ತದೆ. ಒತ್ತಕ್ಷರಗಳು ಸಾಲಾಗಿ ಬಂದರೆ ಮಾತ್ರ ನಾಲಿಗೆ ಗುಂಡಿಗೆ ಬಿದ್ದ ಗಾಲಿಯ ಹಾಗೆ ಕುಲುಕುತ್ತದೆ.

ಚೀಟಿ ಬರೆದವರು ಸಂಘದ ಕಾರ್ಯದರ್ಶಿ, ರಿಟೈರಾದ ಮೇಷ್ಟ್ರು. ಮುತ್ತು ಪೋಣಿಸಿದಂಥ ಅಕ್ಷರ. ಅವರು ಜೇಬಿನಿಂದ ಪೆನ್ನು ತೆಗೆದು ಹಿಡಿದುಕೊಂಡು, "ಇನ್ನೊಂದು ಸಲ ಪೂರ್ತಿ ಓದಿಸಿಬಿಡಿ ಸಾರ್," ಅಂದರು.

ಓದಿದೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಹಿರಿಯ ನಾಗರಿಕರ ನಡಿಗೆ ಸ್ಪರ್ಧೆ. ಎಂಟಕ್ಕೆ ಮಕ್ಕಳ ಚಿತ್ರ ಬಿಡಿಸುವ ಸ್ಪರ್ಧೆ. ಒಂಬತ್ತಕ್ಕೆ ಉಚಿತ ಕಣ್ಣು ತಪಾಸಣೆ. ಹತ್ತಕ್ಕೆ ಬಡಾವಣೆಯ ಸಾಮಾನ್ಯ ಸಭೆ. ಹಳೆಯ ಸಾರ್ವಜನಿಕ ಸೌಕರ್ಯದ ಸ್ಥಳಾಂತರ ಕುರಿತು ಅಪೇಕ್ಷೆಗಳಿದ್ದಲ್ಲಿ ಖುದ್ದಾಗಿ ಹಾಜರಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು.

'ಹಿರಿಯ' ಬಂದಾಗ ಎಷ್ಟು ಗಾಳಿ ಬಿಟ್ಟೆನೆಂದರೆ ಅಧ್ಯಕ್ಷರ ಟವೆಲ್ಲು ಅಲ್ಲಾಡಿತು. ಮತ್ತೆ ನಕ್ಕರು. ಮೇಷ್ಟ್ರು ಒಂದು ಗಳಿಗೆ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಆಮೇಲೆ ಪೆನ್ನಿನ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡರು.

"ಈಗ ಸರಿ. ಹೋಗು. ಕೆಳಗಿನ ಸಾಲಿಗೂ ಹೋಗಿ ಕೂಗು. ನಮಗೆ ಹೇಳಲಿಲ್ಲ ಅಂತ ನಾಳೆ ಯಾವ ನನ್ಮಗನೂ ಬಾಯಿ ಬಿಡಬಾರದು."

ಕೆಳಗಿನ ಸಾಲು ಅಂದರೆ ನಮ್ಮದೇ. ಪಾರ್ಕಿನ ಹಿಂದಿನ ಗೋಡೆಗೆ ಅಂಟಿಕೊಂಡ ಇಪ್ಪತ್ತೆಂಟು ತಗಡಿನ ಮನೆಗಳು. ಸಾಲಿನ ತುದಿಯಲ್ಲಿ ಆರು ಬಾಗಿಲಿನ ಕಕ್ಕಸು, ಪಕ್ಕದಲ್ಲಿ ಎರಡು ನಲ್ಲಿ. ಒಂದು ಬಾಗಿಲಿಗೂ ಚಿಲಕವಿಲ್ಲ. ಒಳಗೆ ಹೋದವರು ಕೆಮ್ಮುತ್ತಲೋ ಹಾಡುತ್ತಲೋ ಕೂರಬೇಕು, ಇಲ್ಲದಿದ್ದರೆ ಯಾರಾದರೂ ಬಾಗಿಲು ನೂಕುತ್ತಾರೆ. ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ. ಅವಳು ದಿನಕ್ಕೆ ಹತ್ತು ಸಲ ಹೋಗುತ್ತಾಳೆ, ಹತ್ತು ಸಲ ಹಾಡುತ್ತಾಳೆ. ಅವಳ ಹಾಡು ಕೇಳಿ ಗಂಟೆ ಎಷ್ಟಾಯಿತು ಅಂತ ಹೇಳುವವರು ನಮ್ಮ ಸಾಲಿನಲ್ಲಿದ್ದಾರೆ.

ನಾನು ಕೂಗಿ ಮುಗಿಸುವಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆ ಬಿಟ್ಟು ಇಸ್ತ್ರಿಯಕ್ಕ ಬಂದಳು. ಸರತಿಯಲ್ಲಿ ಚೊಂಬು ಹಿಡಿದು ನಿಂತಿದ್ದ ಅವ್ವ ಬಂದಳು. ಗುಜರಿ ತಾತ ತನ್ನ ಮುರಿದ ಫ್ಯಾನುಗಳ ನಡುವೆ ಕೂತಲ್ಲಿಂದಲೇ ಕಿವಿ ಕೊಟ್ಟ.

"ಏನೋ ಅದು, ಕೊನೇಲಿ ಹೇಳಿದ್ದು?" ಅಂದಳು ಇಸ್ತ್ರಿಯಕ್ಕ.

"ಅಪೇಕ್ಷೆ ಅಂದ್ರೆ ಆಸೆ ಅಕ್ಕಾ. ಮದುವೆ ಕಾಗದದಲ್ಲಿ ಇರ್ತದಲ್ಲ, ನಿಮ್ಮ ಬರವನ್ನು ಅಪೇಕ್ಷಿಸುವವರು ಅಂತ. ನಮಗೆ ಏನೇನು ಬೇಕೋ ಬಂದು ಹೇಳ್ಬೇಕಂತೆ. ಈ ಕಕ್ಕಸಿನ ವಿಷ್ಯ."

"ಬರದೇ ಇದ್ರೆ?"

"ಇದ್ದಂಗೇ ನಮಗೆ ಒಪ್ಪಿಗೆ ಅಂದ್ಕೋತಾರಂತೆ."

"ಬೋಳಿಮಕ್ಕಳು, ಇಷ್ಟು ವರ್ಷ ಹಂಗೇ ಅಂದ್ಕೊಂಡಿದ್ದಾರೆ," ಅಂದ ತಾತ. "ಮತ್ತೆ ಸ್ಥಳಾಂತರ ಅಂದೆ?"

"ಜಾಗ ಬದಲಾಯಿಸೋದು ತಾತಾ. ಹತ್ರಕ್ಕೆ ತರ್ತಾರೇನೋ."

"ನಮ್ಮನೆ ಬಾಗಿಲಿಗೇ ತರ್ಲಿ ಬಿಡು," ಅಂದಳು ಅವ್ವ. "ಮಂಚದ ಮೇಲಿಂದ್ಲೇ ಮುಗಿಸಿಬಿಡ್ತೀನಿ."

"ಅಯ್ಯೋ ನಿನ್ನ ಬಾಯಿಗೆ," ಅಂತ ಇಸ್ತ್ರಿಯಕ್ಕ ಅವಳ ಬೆನ್ನಿಗೆ ಗುದ್ದಿದಳು. ಎಲ್ಲರೂ ನಕ್ಕರು. ಆ ಮೂರು ದಿನ ನಮ್ಮ ಸಾಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಒಬ್ಬಳು ಬಲ್ಬು ಅಂದಳು, ಒಬ್ಬ ಬಕೆಟ್ಟು ಅಂದ. ಎಲ್ಲಾ ಕೇಳಿಬಿಟ್ಟರೆ ದುರಾಸೆ ಅಂದುಕೊಳ್ಳುತ್ತಾರೆ, ಮೂರೇ ಮೂರು ಕೇಳೋಣ ಅಂತ ತಾತ ತೀರ್ಮಾನ ಮಾಡಿದ. ನಾನು ದಿನಕ್ಕೆ ಐವತ್ತು ಸಲ ಕೂಗಿದೆ. ಶನಿವಾರ ಸಂಜೆಗೆ ಗಂಟಲು ಕಟ್ಟಿ, ಉಗುಳು ನುಂಗಿದರೆ ಮರಳು ನುಂಗಿದಂತಾಗುತ್ತಿತ್ತು.

ಭಾನುವಾರ ನಮ್ಮವರು ಒಗೆದ ಬಟ್ಟೆ ಹಾಕಿಕೊಂಡು ಬಂದರು. ಪಾರ್ಕಿನಲ್ಲಿ ಶಾಮಿಯಾನ ಹಾಕಿತ್ತು. ಅವ್ವ ಕೊನೆ ಸಾಲಿನ ಖಾಲಿ ಕುರ್ಚಿಯೊಂದರಲ್ಲಿ ಕೂತಳು.

"ಏಯ್, ಅದು ನಿವಾಸಿಗಳಿಗೆ," ಅಂದರು ಅಧ್ಯಕ್ಷರು ವೇದಿಕೆಯಿಂದಲೇ.

ಅವ್ವ ಎದ್ದಳು. ಕುರ್ಚಿಯನ್ನು ಸೆರಗಿನಿಂದ ಒರೆಸಿ, ಹಿಂದೆ ಹೋಗಿ ಕಂಬ ಹಿಡಿದು ನಿಂತಳು. ಕುರ್ಚಿ ಸಭೆ ಮುಗಿಯುವವರೆಗೂ ಖಾಲಿಯೇ ಇತ್ತು.

ಕೈಯೆತ್ತಿದವರ ಹತ್ತಿರಕ್ಕೆ ಮೈಕು ಒಯ್ಯುವುದು ನನ್ನ ಕೆಲಸ. ಬೀದಿ ನಾಯಿ, ಸ್ಕೂಟರ್ ಪಾರ್ಕಿಂಗು, ಕಸದ ಗಾಡಿ ಅಂತ ಒಂದು ಗಂಟೆ ಕುರ್ಚಿಯವರು ಮಾತಾಡಿದರು. ಆಮೇಲೆ ಮೇಷ್ಟ್ರು, "ಕೆಳಗಿನ ಸಾಲಿನವರು ಅದೇನೋ ಹೇಳಬೇಕು ಅಂತ ಬಂದಿದ್ದಾರೆ, ಹೇಳಲಿ," ಅಂದರು. ನಾನು ವೈರು ಎಳೆದುಕೊಂಡು ಓಡಿದೆ.

ಇಸ್ತ್ರಿಯಕ್ಕ ಕಕ್ಕಸಿನ ದಾರಿಗೆ ಒಂದು ಬಲ್ಬು ಕೇಳಿದಳು. ತಾತ, ಕೂತರೆ ಏಳಲಿಕ್ಕಾಗುವುದಿಲ್ಲ ಬುದ್ಧೀ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿ ಅಂದ. ಅವ್ವನ ಸರದಿ ಬಂತು. ಅವಳು ಮೈಕನ್ನು ಎರಡು ಕೈಯಲ್ಲೂ ಹಿಡಿದಳು.

"ಬಾಗಿಲಿಗೆ ಒಂದು ಚಿಲಕ ಬೇಕಾಗಿತ್ತು ಸ್ವಾಮಿ. ಚಿಲಕ ಇಲ್ದೆ ಹಾಡ್ತಾ ಕೂರ್ಬೇಕಾಗ್ತದೆ."

ಕುರ್ಚಿಗಳಲ್ಲಿ ನಗು ಎದ್ದಿತು. ಅಧ್ಯಕ್ಷರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

"ಯಾವ ಹಾಡಮ್ಮಾ? ಒಂದು ಸಾಲು ಹೇಳು, ಕೇಳೋಣ."

ಅವ್ವ ನನ್ನ ಮುಖ ನೋಡಿದಳು. ಹೇಳಿದರೆ ಚಿಲಕ ಸಿಗುತ್ತದೆ ಅಂತ ಅವಳ ಕಣ್ಣಲ್ಲಿತ್ತು. ಅವಳು ಹಾಡಿದಳು. ನನ್ನನ್ನು ಮಲಗಿಸುತ್ತಿದ್ದ ಜೋಗುಳ. ತಗಡಿನ ಹಾರ್ನಿನಿಂದ ಅದು ಬಡಾವಣೆಗೆಲ್ಲಾ ಕೇಳಿಸಿತು. ಎದುರು ಮನೆಯ ಬಾಲ್ಕನಿಗೂ ಜನ ಬಂದು ನಿಂತರು. ಕುರ್ಚಿಯವರು ಚಪ್ಪಾಳೆ ತಟ್ಟಿದರು, ಯಾರೋ ಇನ್ನೊಂದು ಸಲ ಅಂತ ಕೂಗಿದರು. ವೈರು ಹಿಡಿದು ನಿಂತಿದ್ದವನು ನಾನು.

ಮೂವರ ಹೆಸರನ್ನೂ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಮೇಷ್ಟ್ರು ನಿಂತು ನಿರ್ಣಯ ಓದಿದರು. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ.

"ಕೆಳಸಾಲಿನ ನಿವಾಸಿಗಳು ಖುದ್ದಾಗಿ ಹಾಜರಿದ್ದು ತಮ್ಮ ಅಪೇಕ್ಷೆಗಳನ್ನು ತಿಳಿಸಿರುತ್ತಾರೆ. ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲವಾದ್ದರಿಂದ, ಹಳೆಯ ಶೌಚಾಲಯವನ್ನು ತೆರವುಗೊಳಿಸಿ ಆ ಜಾಗದಲ್ಲಿ ಹಿರಿಯ ನಾಗರಿಕರ ವಾಚನಾಲಯ ಕಟ್ಟಲು ಸರ್ವಾನುಮತದಿಂದ ತೀರ್ಮಾನಿಸಲಾಗಿದೆ. ಬದಲಿ ಶೌಚಾಲಯದ ಜಾಗವನ್ನು ಮುಂದಿನ ವರ್ಷದ ಸಭೆಯಲ್ಲಿ ಪರಿಶೀಲಿಸಲಾಗುವುದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು ಅಂತ ನಮ್ಮವರೂ ತಟ್ಟಿದರು. ಅವ್ವ ಎಲ್ಲರಿಗಿಂತ ಜೋರಾಗಿ.

ನಾನು ಜೇಬಿನಿಂದ ಚೀಟಿ ತೆಗೆದೆ. ಮೂರು ದಿನ ಬೆವರಿಗೆ ನೆಂದು ಮೆತ್ತಗಾಗಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಆ. ಕ್ಷೇ. ಪ. ಣೆ. ವೇದಿಕೆಯ ಪಕ್ಕಕ್ಕೆ ಹೋದೆ.

"ಮೇಷ್ಟ್ರೇ, ಇದಕ್ಕೇನು ಅರ್ಥ?"

ಅವರು ಕಾಗದ ಜೋಡಿಸುತ್ತಿದ್ದರು. "ಆಕ್ಷೇಪಣೆ ಅಂದ್ರೆ ಬೇಡ ಅನ್ನೋದು. ಅಪೇಕ್ಷೆ ಅಂದ್ರೆ ಬೇಕು ಅನ್ನೋದು. ಏಳನೇ ಕ್ಲಾಸಿನ ಪಾಠ."

"ನಾನು ತಪ್ಪು ಓದ್ದೆ."

"ಮೊದಲನೇ ದಿನವೇ ಕೇಳಿಸ್ತು."

"ಯಾಕೆ ತಿದ್ದಲಿಲ್ಲ?"

"ಮೂವತ್ತೈದು ವರ್ಷ ನಿಮ್ಮಂಥವರನ್ನ ತಿದ್ದಿ ತಿದ್ದಿ ಸಾಕಾಗಿದೆ ಕಣಪ್ಪಾ," ಅಂದರು. ಕೋಪವಿರಲಿಲ್ಲ, ಹವಾಮಾನದ ಬಗ್ಗೆ ಹೇಳುವವರ ದನಿ. "ಚೀಟಿಯಲ್ಲಿ ಸರಿಯಾಗಿದೆ. ನನ್ನ ಕಡೆಯಿಂದ ತಪ್ಪಿಲ್ಲ."

ಮೈಕು ನನ್ನ ಕೈಯಲ್ಲೇ ಇತ್ತು. ಬಾಯಿಗೆ ಹಿಡಿದೆ. "ನಾನು ತಪ್ಪು ಓದಿದ್ದು. ನಮ್ಮವರಿಗೆ ಗೊತ್ತಿರಲಿಲ್ಲ. ನಮಗೆ ಬೇಡ. ಕಕ್ಕಸು ಒಡೀಬೇಡಿ..." ಅಷ್ಟರಲ್ಲಿ ಟಕ್ ಅಂತ ಸದ್ದಾಯಿತು. ಮೇಷ್ಟ್ರು ಬಗ್ಗಿ ಆಂಪ್ಲಿಫೈಯರಿನ ಗುಂಡಿ ಒತ್ತಿದ್ದರು. ಮೈಕು ಬಿಸಾಕಿ ಕಿರುಚಿದೆ. ಮೂರು ದಿನ ಅವರ ಚೀಟಿ ಕೂಗಿದ ಗಂಟಲಿನಿಂದ ಗಾಳಿ ಬಿಟ್ಟರೆ ಇನ್ನೇನೂ ಬರಲಿಲ್ಲ.

ಅಧ್ಯಕ್ಷರು ಇಳಿದು ಬಂದು ನನ್ನ ಕೆನ್ನೆ ತಟ್ಟಿದರು. ಹೊಡೆಯಲಿಲ್ಲ, ಕರುವಿಗೆ ತಟ್ಟುವ ಹಾಗೆ. "ನಿನ್ನ ಬಾಯಿ ಬಾಡಿಗೇದು ಕಣೋ. ಬಾಡಿಗೆ ಬಾಯಲ್ಲಿ ಸ್ವಂತ ಮಾತು ಆಡಬಾರದು. ಹೋಗು, ಕುರ್ಚಿ ಮಡಚು."

ಮಡಚಿದೆ. ನೂರಾ ಹತ್ತು ಕುರ್ಚಿ.

ಮನೆಗೆ ಬಂದು ಹೇಳಿದಾಗ ಅವ್ವ ನಂಬಲಿಲ್ಲ. "ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರಲ್ಲೋ, ಚಿಲಕ ಅಂತ ಬರ್ಕೊಂಡಿದ್ದಾರೆ, ನಾನೇ ನೋಡಿದೆ," ಅಂದಳು. ಅವಳಿಗೆ ಓದು ಬರುವುದಿಲ್ಲ. ಇಸ್ತ್ರಿಯಕ್ಕ ಬಲ್ಬಿಗಾಗಿ ಗೋಡೆಗೆ ಒಂದು ಮೊಳೆ ಹೊಡೆದಿಟ್ಟಿದ್ದಳು. ತಾತನೊಬ್ಬ ನಂಬಿದ. ಅವನು ನನ್ನ ಮುಖಕ್ಕೆ ಉಗಿಯಲಿಲ್ಲ, ನನ್ನ ಕಾಲ ಬುಡಕ್ಕೆ ಉಗಿದ.

ಸೋಮವಾರ ಅಧ್ಯಕ್ಷರ ಮನೆ ಗೇಟಿನ ಹತ್ತಿರ ನಿಂತೆ, ಒಳಗೆ ಬಿಡಲಿಲ್ಲ. ಮಂಗಳವಾರ ವಾರ್ಡ್ ಆಫೀಸಿಗೆ ಹೋದೆವು. ಅಲ್ಲಿ ಕೂತಿದ್ದವನು ನಿರ್ಣಯದ ನಕಲು ತೆಗೆದು, ಅವ್ವನ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು, "ಇದು ನಿಮ್ಮದೇ ಅಲ್ವೇನಮ್ಮಾ?" ಅಂತ ಕೇಳಿದ. ಹೌದು ಸ್ವಾಮಿ ಅಂದಳು. "ಮತ್ತೆ?" ಅಂದ.

ಗುರುವಾರ ಬೆಳಿಗ್ಗೆ ಹಳದಿ ಜೆಸಿಬಿ ಬಂತು. ಆರು ಬಾಗಿಲು ಬೀಳುವುದಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ನಲ್ಲಿಯ ಪೈಪು ಒಡೆದು ನೀರು ಸಾಲಿನೊಳಗೆಲ್ಲಾ ಹರಿಯಿತು. ನಮ್ಮವರು ಚೊಂಬು ಬಕೆಟ್ಟು ಹಿಡಿದು ಸರತಿಯಲ್ಲಿ ನಿಂತಿದ್ದವರು, ಸರತಿ ಬಿಡದೆ ನಿಂತೇ ಇದ್ದರು. ಮುಂದೆ ಏನೂ ಇರಲಿಲ್ಲ.

ಅಧ್ಯಕ್ಷರು ಮೂಗಿಗೆ ಟವೆಲ್ಲು ಹಿಡಿದು ಬಂದು ನನ್ನ ಕೈಗೆ ಹೊಸ ಚೀಟಿ ಕೊಟ್ಟರು. ಭಾನುವಾರ ವಾಚನಾಲಯದ ಅಡಿಗಲ್ಲು, ಆಮೇಲೆ ಲಘು ಉಪಾಹಾರ, ಸರ್ವರಿಗೂ ಸ್ವಾಗತ.

"ಇಲ್ಲೇ ಒಂದು ಸಲ ಓದಿ ತೋರಿಸು. ಮತ್ತೆ ತಪ್ಪು ಆಗಬಾರದು."

"ಓದಪ್ಪಾ," ಅಂದ ತಾತ ಹಿಂದಿನಿಂದ. "ಈ ಸಲ ನಮಗೆ ಏನು ಬೇಕಂತೆ, ಕೇಳಿ ಹೇಳು."

ಅವ್ವ ನನ್ನ ತೋಳು ಹಿಡಿದಳು. "ಮಗಾ, ಬೆಳಗಿಂದ ತಡ್ಕೊಂಡಿದ್ದೀನಿ," ಅಂದಳು, ನನಗೊಬ್ಬನಿಗೇ ಕೇಳುವ ಹಾಗೆ. "ಇನ್ನು ಆಗಲ್ಲ."

ಹತ್ತಿರ ಅಂದರೆ ಬಸ್ ಸ್ಟ್ಯಾಂಡಿನ ಕಕ್ಕಸು. ದೊಡ್ಡ ರಸ್ತೆ ದಾಟಿ ಇಪ್ಪತ್ತು ನಿಮಿಷದ ನಡಿಗೆ. ನಾನು ಹಾರ್ನಿನ ಹಗ್ಗ ಬಿಚ್ಚಿದೆ. ಹಾರ್ನನ್ನು ಇಳಿಸಿ ಕೆಸರಿನಲ್ಲಿಟ್ಟೆ. ಆಂಪ್ಲಿಫೈಯರು ಇಳಿಸಿದೆ, ಬ್ಯಾಟರಿ ಇಳಿಸಿದೆ, ಅಧ್ಯಕ್ಷರ ಚೀಟಿಯನ್ನು ಅದರ ಮೇಲಿಟ್ಟೆ. ಅವ್ವನನ್ನು ಎತ್ತಿ ಹಲಗೆಯ ಮೇಲೆ ಕೂರಿಸಿದೆ. ಕೆಸರಿನಲ್ಲಿ ಪೆಡಲ್ಲು ತಿರುಗಲಿಲ್ಲ. ಇಳಿದು ಹ್ಯಾಂಡಲ್ಲು ಹಿಡಿದು ಎಳೆಯತೊಡಗಿದೆ.

"ಏಯ್ ಮೈಕು, ಎಲ್ಲಿಗೋ? ನಿನಗೇ ಹೇಳ್ತಿರೋದು, ಸೂಳೆಮಗನೇ."

ಪಾರ್ಕಿನ ಗೇಟಿನ ಮುಂದೆ ವಾಕಿಂಗಿನವರು ದಾರಿ ಬಿಟ್ಟು ನಿಂತರು. ಅವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ದೊಡ್ಡ ರಸ್ತೆ ಇನ್ನೂ ಬಂದಿರಲಿಲ್ಲ. ಎಳೆಯುತ್ತಾ ಹಿಂತಿರುಗಿ ನೋಡಿದರೆ ಹಲಗೆಯ ಸಂದಿನಿಂದ ತೊಟ್ಟಿಕ್ಕುತ್ತಿತ್ತು, ಒಣ ಟಾರಿನ ಮೇಲೆ ಗಾಡಿಯ ಹಿಂದೆಯೇ ಒಂದು ಗೆರೆ ಬರುತ್ತಿತ್ತು.

"ನಿಧಾನಕ್ಕೆ ಹೋಗಪ್ಪಾ," ಅಂದಳು ಅವ್ವ ಸೆರಗಿನೊಳಗಿಂದ. "ಇನ್ನೇನು ಅವಸರ ಇಲ್ಲ."

ಅಧ್ಯಕ್ಷರು ಇನ್ನೂ ಕೂಗುತ್ತಿದ್ದರು. ನಾನು ಎಳೆದುಕೊಂಡು ನಡೆದೆ.