ಕ್ವಾಂಗ್ ಮಾವ ಕೊಟ್ಟ ಕಂಟ್ರೋಲರು

ಕ್ವಾಂಗ್ ಮಾವ ಕೆಂಪು ರಿಬ್ಬನ್ ಕಟ್ಟಿದ ಡಬ್ಬ ಹಿಡಿದು ನಮ್ಮ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತ ದಿನವೇ ನನ್ನ ತಲೆ ಕೆಟ್ಟಿತು. ರೋಬೋಟ್ ಕಾಳಗದ ಪಂದ್ಯಕ್ಕೆ ಒಂಬತ್ತೇ ದಿನ ಉಳಿದಿತ್ತು. ಡಬ್ಬದಲ್ಲಿ ಎರಡು ಸ್ಪೀಡ್ ಕಂಟ್ರೋಲರು, ಮೇಲೆ ಅವರ ಫ್ಯಾಕ್ಟರಿಯ ಕೆಂಪು ಸ್ಟಿಕ್ಕರು, ಅದರ ಮೇಲೆ ಮುನ್ನೂರು ಆಂಪಿಯರ್ ಎಂದು ದಪ್ಪಕ್ಷರ. ಬರೆಯುವುದಕ್ಕೇನು, ಮೂರು ಸಾವಿರ ಎಂದೂ ಬರೆಯಬಹುದು.

ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು, ಎಷ್ಟು ಕರೆಂಟು ಹೋಗಬೇಕೆಂದು ತೀರ್ಮಾನಿಸುವ ಅಂಗೈಯಗಲದ ಪೆಟ್ಟಿಗೆ ಅದು. ನೂರಹತ್ತು ಕಿಲೋ ತೂಕದ ನಮ್ಮ ರೋಬೋಟ್ ‘ಕಬ್ಬಿಣದ ಕೋಣ’ ಅಖಾಡದಲ್ಲಿ ಎದುರಾಳಿಯನ್ನು ಒತ್ತಿ ಹಿಡಿದಾಗ ಕಷ್ಟವೆಲ್ಲ ಆ ಪೆಟ್ಟಿಗೆಯದ್ದೇ. ಮೂರು ತಿಂಗಳು ನಾನು ಒಂದೊಂದೇ ಕಂಟ್ರೋಲರನ್ನು ಬೆಂಚಿಗೆ ಕಟ್ಟಿ, ಚಕ್ರ ತಿರುಗದಂತೆ ಬಿಗಿದು, ಪೂರ್ತಿ ಕರೆಂಟು ಬಿಟ್ಟು, ಏಳನ್ನು ಸುಟ್ಟು, ಒಂದು ಬಗೆಯದನ್ನು ಆರಿಸಿ ಇಟ್ಟಿದ್ದೆ. ನೋಡಲು ಕುರೂಪಿ, ಆದರೆ ಒಳಗೆಲ್ಲ ದಪ್ಪ ತಾಮ್ರ.

ಈಗ ಈ ಉಡುಗೊರೆ. ನಾನೇನು ಸುಮ್ಮನೆ ಬೈಯಲಿಲ್ಲ, ಅದನ್ನೂ ಬೆಂಚಿಗೆ ಕಟ್ಟಿ ನೋಡಿದೆ. ಹನ್ನೊಂದು ಸೆಕೆಂಡಿಗೆ ನಿದ್ದೆ ಹೋಯಿತು. ಮತ್ತೆ ಎದ್ದದ್ದು ಅರ್ಧ ನಿಮಿಷದ ಮೇಲೆ. ಬಿಸಿಯಾದರೆ ತನ್ನ ಜೀವ ತಾನು ಉಳಿಸಿಕೊಳ್ಳುವ ಬುದ್ಧಿವಂತ ಪೆಟ್ಟಿಗೆ. ಮಾರ್ಕೆಟ್ಟಿಗೆ ಹೋಗುವ ಅಜ್ಜಿಯ ಎಲೆಕ್ಟ್ರಿಕ್ ಸ್ಕೂಟರಿಗೆ ಅದು ಬಂಗಾರದಂಥದ್ದು, ಕ್ವಾಂಗ್ ಮಾವ ಮಾಡುವುದೂ ಸ್ಕೂಟರಿಗೇ. ನಮ್ಮ ಆಟದಲ್ಲಿ ಎದುರಾಳಿ ಹಿಡಿದಿರದಾಗಲೂ ಹತ್ತು ಎಣಿಸುವಷ್ಟರಲ್ಲಿ ಅಲುಗದಿದ್ದರೆ ಸೋತಂತೆ. ನಮಗೆ ಬೇಕಾದದ್ದು ಸುಟ್ಟುಹೋದರೂ ಕೈಬಿಡದ ಪೆಟ್ಟಿಗೆ.

ನನ್ನ ಗುರು ಝಾನ್ ಷಿಫುಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ದೊಂಗ್‌ಗುವಾನ್ ನಗರದಲ್ಲಿ ಯಂತ್ರಭಾಗಗಳ ಅಚ್ಚು ತಯಾರಿಸುವ ಅವರ ವರ್ಕ್‌ಶಾಪಿನಲ್ಲಿ ನಾನು ಕೆಲಸ ಕಲಿತು ಹನ್ನೊಂದು ವರ್ಷ. ಅರವತ್ತಾರರ ಮನುಷ್ಯ, ಕೋಣವೆಂದರೆ ಪ್ರಾಣ. ನಾಲ್ಕು ವರ್ಷ ಸತತ ಸೋತು, ಈ ಸಲವೂ ಗೆಲ್ಲದಿದ್ದರೆ ಕೋಣವನ್ನು ಗುಜರಿಗೆ ಹಾಕುತ್ತೇನೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಹೇಳಿದ ಮಾತು ತಪ್ಪುವವರಲ್ಲ, ಅದೇ ನನ್ನ ಸಂಕಟ.

ಅವರು ನಿಧಾನವಾಗಿ ನನ್ನ ಲೋಟಕ್ಕೆ ಚಹಾ ಬಗ್ಗಿಸಿದರು. "ನನ್ನ ಮಗಳ ಮದುವೆ ಕುದುರಿಸಿದವನು ಕಣಮ್ಮ ಅವನು. ಪ್ರೀತಿಯಿಂದ ತಂದಿದ್ದನ್ನ ವಾಪಸ್ ಕಳಿಸಿ ನಾನು ಅವನ ಮುಖ ಹೇಗೆ ನೋಡ್ಲಿ?"

"ಹತ್ತು ಎಣಿಸೋವಾಗ ನಿಮ್ಮ ಅಳಿಯ ಬಂದು ಕೋಣನ ತಳ್ತಾನಾ ಷಿಫು?"

ಅವರು ತಮ್ಮ ಲೋಟಕ್ಕೂ ಚಹಾ ಬಗ್ಗಿಸಿಕೊಂಡರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಪ್ರತಿಧ್ವನಿ ಕೊಡುತ್ತಿತ್ತು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು, ನಿಜ. ಆದರೆ ಆ ಎಮ್ಮೆಯನ್ನು ಕಾಳಗಕ್ಕೆ ಬಿಡು ಎಂದರೆ?

ಕೊನೆಗೆ ನನಗೆ ತಿಳಿದದ್ದನ್ನು ಮಾಡಿದೆ. ಬಿಸಿಗಾಳಿ ಹಾಯಿಸಿ ಕೆಂಪು ಸ್ಟಿಕ್ಕರು ಬಿಡಿಸಿ, ನನ್ನ ಕುರೂಪಿಗಳ ಮೇಲೆ ಅಂಟಿಸಿ, ಕೋಣದೊಳಗೆ ಕೂರಿಸಿದೆ. ಇವು ಆರುನೂರು ಗ್ರಾಮ್ ಹೆಚ್ಚು ಭಾರ. ತೂಕ ಮಿತಿ ಮೀರಬಾರದೆಂದು ಹಿಂದಿನ ಉಕ್ಕಿನ ತಗಡಿಗೆ ಸಾಲಾಗಿ ತೂತು ಕೊರೆದೆ. ಇದೇನೆಂದು ಷಿಫು ಕೇಳಿದಾಗ, ಗಾಳಿಯಾಡಲಿ ಎಂದು ಅಂದೆ. ಒಂದು ತೂತಿಗೆ ಬೆರಳು ತೂರಿಸಿ ನೋಡಿ ಸುಮ್ಮನೆ ಹೋದರು.

ಪಂದ್ಯದ ಮೊದಲ ದಿನ ಕೋಣ ಎರಡು ಕಾಳಗ ಗೆದ್ದಿತು. ಅದರ ಮೇಲ್ಮುಚ್ಚಳ ಪಾರದರ್ಶಕ, ಹಾಗಾಗಿ ಕೆಂಪು ಸ್ಟಿಕ್ಕರು ಊರಿಗೆಲ್ಲ ಕಾಣುತ್ತಿತ್ತು. ಕ್ವಾಂಗ್ ಮಾವ ಹೊಸ ಕೋಟು ಹಾಕಿಕೊಂಡು ಕೋಣದ ಪಕ್ಕ ನಿಂತು ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು. ನಾನು ಹಲ್ಲು ಕಚ್ಚಿಕೊಂಡು ಬೋಲ್ಟು ಬಿಗಿಯುತ್ತಿದ್ದೆ.

ಸಂಜೆ ನೋಡಿದರೆ ಕ್ವಾಂಗ್ ಮಾವನ ಕೈಯಲ್ಲಿ ಇನ್ನೊಂದು ಕೆಂಪು ರಿಬ್ಬನ್ನಿನ ಡಬ್ಬ ನಮ್ಮನ್ನು ದಾಟಿ ಮುಂದಕ್ಕೆ ಹೋಗುತ್ತಿದೆ. ಫೈನಲ್‌ನಲ್ಲಿ ನಮ್ಮ ಎದುರಾಳಿಯಾದ ಪಾಲಿಟೆಕ್ನಿಕ್ ತಂಡದ ಮೇಜಿಗೆ. ಅವರ ನಾಯಕಿ ಷುವಾಂಗ್ ಎಂಬ ಹುಡುಗಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೋಣ ಗೆದ್ದದ್ದು ಈ ಪೆಟ್ಟಿಗೆಯಿಂದಲೇ ಎಂದು ನಂಬಿ, ಐದೇ ನಿಮಿಷದಲ್ಲಿ ತಂಡದವರೆಲ್ಲ ತಮ್ಮ ಯಂತ್ರದ ಮುಚ್ಚಳ ಬಿಚ್ಚಿ, ಒಳಗಿದ್ದ ಕಂಟ್ರೋಲರು ತೆಗೆದು ಪಕ್ಕಕ್ಕಿಟ್ಟರು. ಅವು ನನ್ನವೇ ಕುರೂಪಿಗಳು, ಅದೇ ಬಗೆ, ಅದೇ ದಪ್ಪ ತಾಮ್ರ.

ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಲ್ಲಿ ಕ್ವಾಂಗ್ ಮಾವ ನಿಂತಿದ್ದರು, ಇಲ್ಲಿ ಷಿಫು ಎಲ್ಲರಿಗೂ ಕಿತ್ತಳೆ ಹಂಚುತ್ತ ನಗುತ್ತಿದ್ದರು. ಅವರು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಥೂ, ಇದೆಲ್ಲ ನೆಪ. ಎದುರಾಳಿಗಳು ತಾವಾಗಿಯೇ ಕಾಲು ಮುರಿದುಕೊಂಡರೆ ಕೋಣ ಉಳಿಯುತ್ತದೆ ಎಂಬ ಲೆಕ್ಕವೂ ನನ್ನ ತಲೆಯಲ್ಲಿ ಓಡಿತು. ಬಾಯಿಗೆ ಬೀಗ ಹಾಕಿಕೊಂಡು ಊಟಕ್ಕೆ ಹೋದೆ.

ಮರುದಿನ ಫೈನಲ್‌ನಲ್ಲಿ ಆ ಹುಡುಗಿ ಅದ್ಭುತವಾಗಿ ಆಡಿದಳು. ಅರ್ಧ ನಿಮಿಷದಲ್ಲೇ ಕೋಣದ ಅಡಿಗೆ ನುಗ್ಗಿ, ಎತ್ತಿ, ಗೋಡೆಗೆ ಒತ್ತಿ ಹಿಡಿದಳು. ನಮ್ಮ ರಿಮೋಟ್ ಹಿಡಿದಿದ್ದ ಷಿಫು ಕಡ್ಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದರು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂಬತ್ತು, ಹತ್ತು, ಹನ್ನೊಂದು. ಅವಳ ಯಂತ್ರ ನಿಂತುಬಿಟ್ಟಿತು. ಹೊಗೆ ಇಲ್ಲ, ಸದ್ದಿಲ್ಲ. ಕೋಣ ಜಾರಿ ಕೆಳಗಿಳಿದು ಪಕ್ಕಕ್ಕೆ ಸರಿಯಿತು. ಜನ ಹತ್ತು ಎಣಿಸಿ ಮುಗಿಸುವ ತನಕ ಷುವಾಂಗ್ ಹೆಬ್ಬೆರಳಿನಿಂದ ರಿಮೋಟಿನ ಕಡ್ಡಿಯನ್ನು ಒತ್ತುತ್ತಲೇ ಇದ್ದಳು.

ಷಿಫುಗೆ ಹೂಮಾಲೆ ಬಿತ್ತು. ಕ್ವಾಂಗ್ ಮಾವ ಸುತ್ತಲಿದ್ದವರಿಗೆ, ಪಾಪ ಮಕ್ಕಳಿಗೆ ವೈರಿಂಗ್ ಸರಿಯಾಗಿ ಮಾಡಲು ಬರಲಿಲ್ಲ, ಪೆಟ್ಟಿಗೆಯದ್ದೇನೂ ತಪ್ಪಿಲ್ಲ ಎಂದು ವಿವರಿಸುತ್ತಿದ್ದರು. ಅಷ್ಟರಲ್ಲಿ ಷುವಾಂಗ್ ನಮ್ಮ ಮೇಜಿಗೆ ಬಂದು, ಗೆದ್ದವರಿಗೆ ಮೊದಲು ಶುಭ ಹಾರೈಸಿದಳು.

"ಅಕ್ಕಾ, ಎರಡೂ ಕಡೆ ಒಂದೇ ಕಂಟ್ರೋಲರು. ನಿಮ್ದು ಯಾಕೆ ನಿಂತು ಹೋಗ್ಲಿಲ್ಲ? ಒಂಚೂರು ತೋರಿಸ್ತೀರಾ, ಮುಂದಿನ ವರ್ಷಕ್ಕೆ ಕಲ್ಕೋತೀನಿ."

ನಾನು ಷಿಫುವಿನ ಕಡೆ ನೋಡಿದೆ. ಅವರು ಮಾಲೆ ತೆಗೆದು ಮೇಜಿನ ಮೇಲಿಟ್ಟರು. "ಬಿಚ್ಚಿ ತೋರ್ಸಮ್ಮ," ಎಂದರು. "ಬರೀ ಗಾಳಿಗೆ ಅಷ್ಟೊಂದು ತೂತು ಯಾರು ಕೊರೀತಾರೆ? ಅವತ್ತೇ ಗೊತ್ತಾಯ್ತು ನಂಗೆ. ಕೇಳೋಕೆ ಬಾಯಿ ಬರ್ಲಿಲ್ಲ."

ಅವರಿಗೆ ಗೊತ್ತಿತ್ತು. ಅವರ ಮರ್ಯಾದೆ ಉಳಿಸುತ್ತಿದ್ದೇನೆಂದು ನಾನು, ಕ್ವಾಂಗ್ ಮಾವನ ಮರ್ಯಾದೆ ಉಳಿಸುತ್ತಿದ್ದೇನೆಂದು ಅವರು, ಇಬ್ಬರೂ ತೆಪ್ಪಗಿದ್ದೆವು.

ಮುಚ್ಚಳ ತೆಗೆದೆ. ಬಿಸಿಗೆ ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಕ್ವಾಂಗ್ ಮಾವ ನೋಡುತ್ತಿರುವಾಗಲೇ ಅದನ್ನು ಪೂರ್ತಿ ಕಿತ್ತೆ.

ಷುವಾಂಗ್ ಸ್ಟಿಕ್ಕರಿನಡಿಯ ಪೆಟ್ಟಿಗೆಯನ್ನು ನೋಡಿದಳು. ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನಿನ್ನೆ ನಾವು ಬಿಚ್ಚೋವಾಗ ನೀವು ಅಲ್ಲೇ ನಿಂತಿದ್ರಿ ಅಲ್ವಾ ಅಕ್ಕಾ?" ಎಂದಳು.

ಹೌದು ಎಂದೆ. ರಿಮೋಟಿನ ಕಡ್ಡಿ ಒತ್ತಿದ ಅವಳ ಹೆಬ್ಬೆರಳು ಇನ್ನೂ ಕೆಂಪಗೇ ಇತ್ತು.