ಒಂದು ವೋಟಿನಿಂದ ಸೋತವನು

ಶರಾವತಿಯ ಅಣೆಕಟ್ಟು ಮುಗಿದು, ಸಾಗರ-ಹೊಸನಗರದ ಕಡೆ ಊರಿಗೆ ಊರೇ ಮುಳುಗಿದ ಸುದ್ದಿಯನ್ನು ಜನ ಇನ್ನೂ ಆಡಿ ಮುಗಿಸಿರಲಿಲ್ಲ. ಆ ವರ್ಷವೇ ಕವಲೇದುರ್ಗದ ಕೆಳಗಿನ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ನಿಂತ ವಾಸಪ್ಪಗೌಡ ಒಂದೇ ಒಂದು ವೋಟಿನಿಂದ ಸೋತ.

ಹತ್ತು ವೋಟಿನಿಂದ ಸೋತಿದ್ದರೆ ಜನ ಸರಿಯಿಲ್ಲ ಎನ್ನಬಹುದಿತ್ತು. ಐವತ್ತು ವೋಟಿನಿಂದ ಸೋತಿದ್ದರೆ ಕಾಲವೇ ಸರಿಯಿಲ್ಲ ಎನ್ನಬಹುದಿತ್ತು. ಆದರೆ ಒಂದು ವೋಟು ಎಂದರೆ ಅದಕ್ಕೊಂದು ಮುಖ ಇರುತ್ತದೆ, ಮೂಗಿರುತ್ತದೆ, ಅದು ಯಾರದೋ ಮನೆಯಲ್ಲಿ ಉಂಡು ಮಲಗಿರುತ್ತದೆ. ಅದು ಯಾರು ಎಂದು ಹುಡುಕುವುದೇ ವಾಸಪ್ಪನಿಗೆ ಕಸುಬಾಯಿತು.

ಗೆದ್ದವನು ದುಗ್ಗಪ್ಪ. ಅವನ ಅಪ್ಪ ವಾಸಪ್ಪನ ಮನೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ, ಅವನ ನಂತರ ಇವನು ಮಾಡುತ್ತಿದ್ದ. ಹಿಂದಿನ ಸಲ ವಾಸಪ್ಪನ ಎದುರು ಯಾರೂ ನಿಂತಿರಲಿಲ್ಲ. ಈ ಸಲ ದುಗ್ಗಪ್ಪ ಅರ್ಜಿ ಹಾಕಿದ ಎಂದಾಗ ವಾಸಪ್ಪ ಎಲೆಯಡಿಕೆ ಜಗಿಯುತ್ತ, "ನಿಲ್ಲಲಿ ಬಿಡಾ ಪಾಪ. ಎದ್ರಿಗೆ ಒಬ್ಬ ಇಲ್ದೆ ಗೆಲ್ಲೋದೂ ಒಂದು ಗೆಲುವಾ?" ಎಂದಿದ್ದ. ವಾಸಪ್ಪನ ಗುರುತು ಗಂಟೆ, ದುಗ್ಗಪ್ಪನದು ಕೊಡೆ. "ಮಲೆನಾಡಾಗೆ ಗಂಟೆ ಹೊಡ್ಕಂಡ್ರೆ ಮಳೆ ನಿಲ್ತದಾ?" ಎಂದು ದುಗ್ಗಪ್ಪನ ಕಡೆಯವರು ಕೇಳಿಕೊಂಡು ತಿರುಗಿದರು. ಅವರು ತನ್ನ ಅಂಗಳಕ್ಕೂ ವೋಟು ಕೇಳಲು ಬಂದಾಗ ವಾಸಪ್ಪ ನಾಯಿಯ ಸರಪಳಿ ಬಿಚ್ಚಿದ್ದ. ನಾಯಿ ದುಗ್ಗಪ್ಪನನ್ನು ಕಂಡು ಬಾಲ ಅಲ್ಲಾಡಿಸಿತ್ತೆಂಬುದು ಬೇರೆ ಮಾತು.

ಎಣಿಕೆಯಲ್ಲಿ ದುಗ್ಗಪ್ಪನಿಗೆ ನೂರಾ ಹನ್ನೆರಡು, ವಾಸಪ್ಪನಿಗೆ ನೂರಾ ಹನ್ನೊಂದು.

ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ತುಂಗಮ್ಮನನ್ನು ಕೇಳಿದ, "ನೀನು ಮುದ್ರೆ ಒತ್ತಿದ್ದು ಯಾವುದ್ರ ಮೇಲೆ?"

ತುಂಗಮ್ಮ ಸೌಟು ಕೆಳಗಿಟ್ಟಳು. "ಎಂತ ಕೇಳಿದ್ರಿ?"

"ಕೇಳಿದ್ದು ಕೇಳ್ಲಿಲ್ವಾ?"

ಮೂವತ್ತು ವರ್ಷ ಒಟ್ಟಿಗೆ ಬಾಳಿದ ಹೆಂಗಸು ಅಂದಿನಿಂದ ಗಂಡನೊಡನೆ ಮೂರೇ ಮಾತು ಇಟ್ಟುಕೊಂಡಳು: ನೀರು ಕಾದಿದೆ, ಎಲೆ ಹಾಕಿದೆ, ದನ ಬಂದಿಲ್ಲ.

ತಮ್ಮ ಶೇಷಪ್ಪನ ವಿಷಯ ಇನ್ನೂ ಕೆಟ್ಟಿತು. "ಈ ಸಲ ನಿಲ್ಲೋದು ಬ್ಯಾಡ ಅಣ್ಣಯ್ಯ, ಜನ ಬೇರೆ ಥರ ಮಾತಾಡ್ತಿದಾರೆ" ಎಂದು ಅವನು ಮೊದಲೇ ಹೇಳಿದ್ದ. ಈಗ ವಾಸಪ್ಪನಿಗೆ ಅದೇ ಸಾಕ್ಷಿಯಾಯಿತು. ಆಳುಗಳೆಲ್ಲ ಇದ್ದಾಗ ಜಗಲಿಯ ಮೇಲೆ ಕೂತು, "ಮನೆಯೊಳಗೇ ಹಾವು ಸಾಕ್ಕಂಡಿದೀನಿ, ಹಾಲು ನಾನೇ ಎರೀತಿದೀನಿ" ಎಂದ. ಮಾರನೆಯ ದಿನವೇ ಶೇಷಪ್ಪ ಹೆಂಡತಿ ಮಕ್ಕಳನ್ನು ಹಿತ್ತಿಲ ಕಡೆಯ ಕೋಣೆಗೆ ಸಾಗಿಸಿ ಬೇರೆ ಒಲೆ ಹೂಡಿದ.

ನಾಲ್ಕು ತಿಂಗಳು ಹೀಗೇ ಕಳೆಯಿತು. ಕ್ಷೌರದ ಕೆರಿಯಪ್ಪನ ಕಟ್ಟೆಯ ಹತ್ತಿರ ಹೋದರೆ ಅಲ್ಲಿನ ನಗು ತಟ್ಟನೆ ನಿಲ್ಲುತ್ತಿತ್ತು. ಅದಕ್ಕೆ ವಾಸಪ್ಪ ಅತ್ತ ಹೋಗುವುದನ್ನೇ ಬಿಟ್ಟ. ಗಡ್ಡ ಬೆಳೆಯಿತು. ತಲೆನೋವು ಬಂತು, ಎದೆಯುರಿ ಬಂತು, ನಿದ್ದೆ ಮಾತ್ರ ಬರಲಿಲ್ಲ. ಒಂದು ಬೆಳಗ್ಗೆ ಕರುವೊಂದು ತನ್ನ ಪಂಚೆಯ ಅಂಚು ಜಗಿಯಿತೆಂದು ಅದಕ್ಕೆ "ನೀನೂ ಅವನ ಕಡೆಯಾ?" ಎಂದು ಕೂಗಿದ. ಕೂಗಿದ ಮೇಲೆ, ತಾನು ಕರುವಿನ ಹತ್ತಿರ ಜಗಳಕ್ಕೆ ನಿಂತಿದ್ದೇನೆಂದು ಹೊಳೆದು, ತೀರ್ಥಹಳ್ಳಿಯ ಬಸ್ಸು ಹತ್ತಿದ.

ಡಾಕ್ಟರು ಮುಕುಂದಯ್ಯ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ಏರುವುದನ್ನು ನೋಡಿ ಹುಬ್ಬು ಏರಿಸಿ, ಚೀಟಿ ಬರೆದು ಕೈಗೆ ಕೊಟ್ಟರು. "ಬಿ.ಪಿ. ಇದೆ ಗೌಡರೆ. ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡು ಕುದೀತಿದೀರಿ. ಮಾತ್ರೆ ಬರೆದಿದೀನಿ, ಆದರೆ ಕುದಿಯೋದಕ್ಕೆ ಮಾತ್ರೆ ಇಲ್ಲ. ತಲೆನೋವಿಗೆ ಮೊದಲು ಕಣ್ಣು ತೋರಿಸಿ. ಆಗಿನಿಂದ ನನ್ನ ಚೀಟಿಯನ್ನ ತಲೆಕೆಳಗಾಗಿ ಹಿಡಿದಿದ್ದೀರಿ."

ಕನ್ನಡಕದ ಮಾತೆಂದರೆ ವಾಸಪ್ಪನಿಗೆ ಆಗದು. ಕನ್ನಡಕ ಹಾಕಿದ ಭಾವನನ್ನು 'ನಾಲ್ಕು ಕಣ್ಣಿನ ಗೂಬೆ' ಎಂದು ಇಪ್ಪತ್ತು ವರ್ಷ ಹೀಯಾಳಿಸಿದವನು ಅವನು. ಆದರೂ ಪೇಟೆಯಲ್ಲಿ ಕನ್ನಡಕ ಮಾರುವ ಹೇರಂಬನ ಅಂಗಡಿಗೆ ಹೋದ. ಹೇರಂಬ ಸಣ್ಣ ಅಕ್ಷರದ ಒಂದು ರಟ್ಟು ಕೈಗೆ ಕೊಟ್ಟ. ವಾಸಪ್ಪ ಅದನ್ನು ತೋಳು ನೀಡುವಷ್ಟು ದೂರ ಹಿಡಿದು, "ಮಸಿ ಸರಿ ಇಲ್ಲ" ಎಂದ. ಹೇರಂಬ ನಗಲಿಲ್ಲ, ಓದು ಬಾರದವರಿಗಾಗಿ ಇಟ್ಟಿದ್ದ ಚಿತ್ರದ ರಟ್ಟನ್ನು ಕೊಟ್ಟ.

"ಮೊದಲನೆಯದು ಎಂತದು?"

"ಹೂಜಿ."

"ಎರಡನೆಯದು?"

"ಗಂಟೆ."

"ಸರಿಯಾಗಿ ನೋಡಿ."

"ಗಂಟೆಯೇ ಮಾರಾಯ! ಗಂಟೆ ಗುರ್ತು ನಂಗೆ ಹೇಳಿಕೊಡ್ತೀಯಾ? ಊರೆಲ್ಲ ಅದನ್ನೇ ಹೊಡ್ಕಂಡು ತಿರುಗಿದೋನು ನಾನು."

ಹೇರಂಬ ಅವನ ಮೂಗಿನ ಮೇಲೆ ಒಂದು ಕನ್ನಡಕ ಕೂರಿಸಿದ. ರಟ್ಟಿನ ಮೇಲಿದ್ದದ್ದು ಕೊಡೆ. ಮೇಲೆ ಗುಮ್ಮಟ, ಕೆಳಗೆ ಡೊಂಕು ಹಿಡಿಕೆ.

ಆ ಡೊಂಕು ಹಿಡಿಕೆ ನೋಡುತ್ತಿದ್ದ ಹಾಗೆ ವಾಸಪ್ಪನಿಗೆ ವೋಟಿನ ದಿನ ಕಣ್ಣಿಗೆ ಕಟ್ಟಿತು. ಮತಗಟ್ಟೆಯೆಂದರೆ ಊರ ಶಾಲೆ. ಜಮಖಾನ ಕಟ್ಟಿದ ಅರೆಗತ್ತಲೆಯ ಮೂಲೆ. ಕಾಗದ ಕೈಯಲ್ಲಿ ಹಿಡಿದು ನಿಂತಾಗ ಬಂದ ಯೋಚನೆ ಅವನಿಗೆ ಅಕ್ಷರಕ್ಷರವೂ ನೆನಪಾಯಿತು: 'ಗಂಟೆಯ ನಾಲಗೆಯನ್ನು ಇಷ್ಟು ಡೊಂಕಾಗಿ ಬರೆದಿದ್ದಾರಲ್ಲ, ಈ ಸರ್ಕಾರದವರಿಗೆ ಒಂದು ಗಂಟೆ ನೆಟ್ಟಗೆ ಬರೆಯಲೂ ಬರುವುದಿಲ್ಲ.' ಹಾಗೆಂದುಕೊಂಡೇ ಅದರ ಮೇಲೆ ಎಲ್ಲರಿಗಿಂತ ಗಟ್ಟಿಯಾಗಿ, ಮೇಜು ಅಲ್ಲಾಡುವ ಹಾಗೆ ಮುದ್ರೆ ಒತ್ತಿದ್ದ.

ತನ್ನ ಆ ಒಂದು ವೋಟು ತನಗೇ ಬಿದ್ದಿದ್ದರೆ ನೂರಾ ಹನ್ನೆರಡು ಅವನದು, ನೂರಾ ಹನ್ನೊಂದು ದುಗ್ಗಪ್ಪನದು.

"ಎಂತ ಆಯ್ತು ಗೌಡ್ರೆ, ತಲೆ ತಿರುಗ್ತದಾ? ಪವರ್ ಜಾಸ್ತಿ ಆಯ್ತೇನೋ" ಎಂದ ಹೇರಂಬ.

"ಇಲ್ಲ," ಎಂದ ವಾಸಪ್ಪ. "ಸರಿಯಾಗೇ ಕಾಣ್ತದೆ."

ಗೊತ್ತಾದ ಮೇಲಾದರೂ ಹಗುರಾಗಬೇಕಿತ್ತು. ಆಗಲಿಲ್ಲ. ಮೊದಲು ಬೈಯಲು ಊರು ತುಂಬ ಜನ ಇದ್ದರು, ಈಗ ಒಬ್ಬನೇ ಉಳಿದ, ಅವನನ್ನು ಬೈದರೆ ಎರಡೂ ಕಡೆ ತನಗೇ ನೋವು. ಹೆಂಡತಿಯ ಎದುರು ಬಾಯಿ ತೆರೆದ, ಮುಚ್ಚಿದ. ಹಿತ್ತಿಲ ಕೋಣೆಯ ತನಕ ಹೋಗಿ, ತಮ್ಮನ ಕೆಮ್ಮು ಕೇಳಿ, ತೆಂಗಿನಮರ ನೋಡಲು ಬಂದವನಂತೆ ಮೇಲೆ ನೋಡಿ ವಾಪಸಾದ. ಕೊಡೆಯ ಚಿತ್ರ ಬರೆದವನ ಮೇಲೆ ಸರ್ಕಾರಕ್ಕೊಂದು ಅರ್ಜಿ ಬರೆಯೋಣವೆಂದು ಕೂತ. 'ಸದರಿ ಕೊಡೆಯು' ಎಂಬಲ್ಲಿಗೆ ಪೆನ್ನು ನಿಂತಿತು.

ಹದಿನೈದು ದಿನದ ಮೇಲೆ ಊರಾಚೆ ಆಲೆಮನೆ ಶುರುವಾಯಿತು. ಕೋಣಗಳು ಗಾಣ ಸುತ್ತುತ್ತಿದ್ದವು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ತನ್ನ ಕಬ್ಬಿನ ಸರದಿ ಬಂದಿದ್ದರಿಂದ ವಾಸಪ್ಪ ಹೋಗಲೇಬೇಕಾಯಿತು. ಅವನು ಬರುತ್ತಿದ್ದ ಹಾಗೆ ಹತ್ತು ಹನ್ನೆರಡು ಗಂಡಸರ ನಗು ನಿಂತಿತು. ಎಲ್ಲರೂ ಬೆಲ್ಲ ಬೇಯುವುದನ್ನು ಜನ್ಮದಲ್ಲೇ ನೋಡದವರಂತೆ ಕೊಪ್ಪರಿಗೆಯನ್ನೇ ನೋಡತೊಡಗಿದರು. ದುಗ್ಗಪ್ಪನೂ ಅವರಲ್ಲಿದ್ದ, ಅವನು ಮಾತ್ರ ಎದ್ದು ನಿಂತ.

ಹಬೆ ಬಡಿದು ವಾಸಪ್ಪನ ಹೊಸ ಕನ್ನಡಕ ಬೆಳ್ಳಗಾಯಿತು. ಒರೆಸಿಕೊಳ್ಳಲು ತೆಗೆದ. ಮುಖಗಳೆಲ್ಲ ಮಸುಕಾದವು. ಯಾರ ಮುಖವೂ ಕಾಣದ್ದರಿಂದಲೋ ಏನೋ, ಬಾಯಿಗೆ ಮಾತು ಬಂದುಬಿಟ್ಟಿತು.

"ನಾಲ್ಕು ತಿಂಗ್ಳಿಂದ ಆ ಒಂದು ವೋಟು ಯಾರ್ದು ಅಂತ ಹುಡುಕ್ತಿದ್ದೆ. ಸಿಕ್ತು."

ಜಗಳವಾಗುತ್ತದೆಂದು ಒಬ್ಬ ಮೆಲ್ಲಗೆ ಹಿಂದೆ ಸರಿದ.

"ನಂದೇ ಅದು. ಕೊಡೆನ ಗಂಟೆ ಅಂದ್ಕಂಡು ಒತ್ತಿಬಿಟ್ಟೆ. ಕಣ್ಣು ಕಾಣ್ತಿರ್ಲಿಲ್ಲ, ಕನ್ನಡಕ ಹಾಕ್ಕಳಕ್ಕೆ ದೌಲತ್ತು ಬಿಡ್ಲಿಲ್ಲ. ಗಂಟೆ ನಾಲಗೆ ಡೊಂಕು ಅಂತ ಸರ್ಕಾರಕ್ಕೆ ಬೈದೂ ಬೈದು ಒತ್ತಿದೆ."

ಹೇಳಿ ಮುಗಿಸಿದ. ಯಾರೂ ನಗಲಿಲ್ಲ. ಗಾಣ ಮಾತ್ರ ಕಿರುಗುಟ್ಟಿತು. ಭೂಮಿ ಬಾಯಿಬಿಡಬಾರದೇ ಎಂದುಕೊಂಡು ವಾಸಪ್ಪ ನಿಂತ. ಆಗ ದುಗ್ಗಪ್ಪ, ಬಹಳ ಗಂಭೀರವಾಗಿ, ಅರ್ಜಿ ಕೊಡುವವನ ದನಿಯಲ್ಲಿ ಕೇಳಿದ:

"ಹಂಗಾರೆ ಒಡೇರೆ, ನೀವು ನಮ್ ಪಾರ್ಟಿಯೋರೇ ಆಗಿದ್ರೆ, ನಾವು ಬಂದಾಗ ನಾಯಿ ಬಿಟ್ಟಿದ್ಯಾಕೆ?"

ಮೊದಲು ನಕ್ಕವನು ವಾಸಪ್ಪನೇ. ಅದು ನಗುವೆಂದು ಅವನಿಗೂ ಗೊತ್ತಾಗಲಿಲ್ಲ. ಹೊಟ್ಟೆಯೊಳಗೆ ಏನೋ ಕಳಚಿ ಮೇಲೆ ಬಂದ ಹಾಗಾಯಿತು. "ನಾಯಿಗೆ ನಂಗಿಂತ ಕಣ್ಣು ಚಲೋ ಇತ್ತು ಕಣಾ, ಯಾರು ಗೆಲ್ತಾರೆ ಅಂತ ನೋಡೇ ಬಾಲ ಅಲ್ಲಾಡಿಸ್ತು!" ಎಂದ. ಅಷ್ಟು ಸಾಕಾಯಿತು. ಆಲೆಮನೆಯೇ ಎದ್ದುಬಿದ್ದು ನಕ್ಕಿತು. ಕೊಪ್ಪರಿಗೆ ಕಲಕುವವನು ಹುಟ್ಟು ಬಿಟ್ಟು ಕೂತ, ಪಾಕ ತಳ ಹಿಡಿಯಿತು. ಆ ವರ್ಷದ ವಾಸಪ್ಪನ ಬೆಲ್ಲ ಕಪ್ಪಗೇ ಆಯಿತು.

ಮನೆಗೆ ಬಂದು ತುಂಗಮ್ಮನಿಗೂ ಹೇಳಿದ. ಇಲ್ಲಿ ನಗಿಸಲು ಹೋಗಲಿಲ್ಲ, ತಲೆ ಬಗ್ಗಿಸಿಕೊಂಡೇ ಹೇಳಿದ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಅದರ ಹಿಂದೆ ಸೆರಗಿನಲ್ಲಿ ಮುಚ್ಚಿದ ನಗು, ಆಮೇಲೆ ಮುಚ್ಚಲಾಗದ ನಗು. ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಗಂಟೆಗೂ ಕೊಡೆಗೂ ಎಂತ ಸಂಬಂಧ ಅಂತೀನಿ! ನನ್ನ ಮುಖಾನಾದ್ರೂ ಸಮ ಕಾಣ್ತದಾ ಇಲ್ವಾ?"

"ಈಗ ಕಾಣ್ತದೆ," ಎಂದ ವಾಸಪ್ಪ.

"ಹಂಗಾರೆ ಶೇಷಪ್ಪನ ಮುಖಾನೂ ನೋಡ್ಕಂಡು ಬನ್ನಿ."

ಶೇಷಪ್ಪ ನಗಲಿಲ್ಲ. ಅಣ್ಣನ ಮಾತನ್ನೆಲ್ಲ ಕೇಳಿ, "ಆಯ್ತು ಅಣ್ಣಯ್ಯ, ಗೊತ್ತಾಯ್ತಲ್ಲ" ಎಂದಷ್ಟೇ ಹೇಳಿ ಕತ್ತಿ ಮಸೆಯತೊಡಗಿದ. ಬೇರೆ ಒಲೆ ಬೇರೆಯಾಗಿಯೇ ಉರಿಯಿತು.

ವಾಸಪ್ಪನ ಕಥೆ ಮಾತ್ರ ಊರು ಬಿಟ್ಟು ಹೊರಟಿತು. ಕೆರಿಯಪ್ಪನ ಕಟ್ಟೆಯಲ್ಲಿ ಗಡ್ಡ ತೆಗೆಸುತ್ತ ಹೇಳಿದ, ಬಸ್ಸಿನಲ್ಲಿ ಹೇಳಿದ, ಕೊನೆಗೆ ನಾಲ್ಕು ಕಣ್ಣಿನ ಭಾವನಿಗೂ ಹೇಳಿದ. ಹೇಳಿದ ಹಾಗೆ ಅದು ಬೆಳೆಯಿತು. ಸರ್ಕಾರಕ್ಕೆ ಬರೆಯಹೊರಟ ಅರ್ಜಿ ಸೇರಿತು, ಕರು ಸೇರಿತು. ಮಲಗಿದರೆ ನಿದ್ದೆ ಬರತೊಡಗಿತು. ತಿಂಗಳು ಬಿಟ್ಟು ಹೋದಾಗ ಮುಕುಂದಯ್ಯ ಪಾದರಸ ನೋಡಿ, "ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆ" ಎಂದರು. ಎರಡನೇ ವಾರಕ್ಕೇ ಮಾತ್ರೆ ಮರೆತಿದ್ದೆನೆಂದು ವಾಸಪ್ಪ ಅವರಿಗೆ ಹೇಳಲಿಲ್ಲ. ಡಾಕ್ಟರಿಗೂ ಒಂದು ಗೆಲುವು ಇರಲಿ ಎಂದುಕೊಂಡ.

ಬೇಸಗೆಯಲ್ಲಿ ಹೊಸನಗರದಲ್ಲಿ ನೆಂಟರ ಮದುವೆ. ಊಟ ಮುಗಿದು ಗಂಡಸರು ಚಪ್ಪರದಲ್ಲಿ ಎಲೆಯಡಿಕೆ ಹಾಕುತ್ತ, "ಗೌಡ್ರೆ, ಆ ವೋಟಿನ ಕಥೆ" ಎಂದರು. ವಾಸಪ್ಪ ಹೇಳಿದ. ದುಗ್ಗಪ್ಪನ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಇಳಿಯುತ್ತಿದ್ದಾಗ ಕಂಬಕ್ಕೆ ಒರಗಿ ಕೂತಿದ್ದ ಶೇಷಪ್ಪ ಮೆಲ್ಲಗೆ ಅಂದ, "ಒಂದು ಬಿಟ್ರಿ ಅಣ್ಣಯ್ಯ."

ಹೌದು, ಅಷ್ಟು ಸಲ ಹೇಳಿದ್ದರೂ ಅದೊಂದನ್ನು ವಾಸಪ್ಪ ಪ್ರತಿ ಸಲ ಬಿಡುತ್ತಿದ್ದ.

"ಹೇಳು," ಎಂದ. "ನೀನೇ ಹೇಳು."

ಶೇಷಪ್ಪ ಎದ್ದು ನಿಂತ. ಅಣ್ಣನ ಹಾಗೆಯೇ ಪಂಚೆ ಮೇಲೆತ್ತಿ ಕಟ್ಟಿ, ಎದೆ ಉಬ್ಬಿಸಿ, ಇಲ್ಲದ ಮೀಸೆ ತಿರುವಿ, "ಮನೆಯೊಳಗೇ ಹಾವು ಸಾಕ್ಕಂಡಿದೀನಿ!" ಎಂದು ಅದೇ ದನಿಯಲ್ಲಿ ಗುಡುಗಿದ. ಆಮೇಲೆ ತನ್ನ ದನಿಯಲ್ಲಿ, "ಹಾವು ಪಾಪ ಗಂಟೆಗೇ ಒತ್ತಿ ಬಂದಿತ್ತು" ಎಂದ. ಚಪ್ಪರ ನಕ್ಕಿತು. ಶೇಷಪ್ಪನೂ ನಕ್ಕ, ಆದರೆ ಅವನ ಕಣ್ಣು ಅಣ್ಣನ ಮೇಲಿತ್ತು. ವಾಸಪ್ಪನಿಗೆ ನಗು ತಡವಾಗಿ ಬಂತು. ಬಂದ ಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

"ಹಿಂಗೇ ಕಂಡಿದ್ನೇನಾ ನಾನು?"

"ಇದಕ್ಕಿಂತ ಕೆಟ್ಟದಾಗಿ."

ಎರಡು ಒಲೆ ಒಂದಾಗಲು ಇನ್ನೂ ಎರಡು ತಿಂಗಳು ಹಿಡಿಯಿತು. ಆದರೆ ಆ ಸಂಜೆ ಊರಿಗೆ ಹೊರಟ ಬಸ್ಸಿನಲ್ಲಿ ಬೇರೆ ಸೀಟು ಖಾಲಿಯಿದ್ದರೂ ಶೇಷಪ್ಪ ಬಂದು ಅಣ್ಣನ ಪಕ್ಕ ಕೂತ. ಮದುವೆಮನೆಯ ಪಾಯಸಕ್ಕೆ ಬೆಲ್ಲ ಕಡಿಮೆಯಾಗಿತ್ತು ಎಂದು ಇಬ್ಬರೂ ಒಪ್ಪಿಕೊಂಡರು. ನಗರದ ಕೋಟೆ ದಾಟುವ ಹೊತ್ತಿಗೆ ತಮ್ಮ ತೂಕಡಿಸಿ ಅವನ ಹೆಗಲ ಮೇಲೆ ತಲೆ ಹಾಕಿದ. ಹೆಗಲು ಜೋಮು ಹಿಡಿದರೂ ವಾಸಪ್ಪ ಇಳಿಯುವ ತನಕ ಅಲುಗಾಡಲಿಲ್ಲ.