ಸುಳ್ಳಾಡದ ಪೆಟ್ಟಿಗೆ

ಪರೀಕ್ಷಕರ ಮುಖ್ಯಸ್ಥ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸೋತೆವು" ಎಂದು ಒಪ್ಪಿಕೊಂಡ ಆ ಮಧ್ಯಾಹ್ನವನ್ನು ಪೆಟ್ಟಿಗೆ ಮೇಷ್ಟ್ರು ಎಂದೂ ಮರೆತವರಲ್ಲ. ಮರೆಯಲು ಬೇರೆಯವರಿಗೆ ಆಸ್ಪದ ಕೊಟ್ಟವರೂ ಅಲ್ಲ. ಆಗ ಅವರ ತಲೆಯ ತುಂಬ ಕೂದಲಿತ್ತು, ಇಲಾಖೆಯ ತುಂಬ ಹಗೆಗಳಿದ್ದರು. ರಹಸ್ಯ ಮಾಹಿತಿಯ ಕಾವಲಿಗೆ ಪಾಸ್‌ವರ್ಡ್ ಸಾಲದು. ಕಂಪ್ಯೂಟರಿಗೂ ಜಾಲದ ತಂತಿಗೂ ನಡುವೆ ಒಂದು ಪೆಟ್ಟಿಗೆ ಕೂರಬೇಕು, ಯಾರು ಯಾವುದನ್ನು ಓದಬಹುದೆಂದು ಆ ಪೆಟ್ಟಿಗೆಯೇ ತೀರ್ಮಾನಿಸಬೇಕು ಎಂದು ಅವರು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದರು. ಕಂಪ್ಯೂಟರಿಗೆ ಮಂಕುಬೂದಿ ಎರಚಬಹುದು, ಬೆಸುಗೆ ಹಾಕಿದ ತಂತಿಗೆ ಎರಚಲಾಗದು ಎಂಬುದು ಅವರ ವಾದ. ಕೇಳಿದವರು ಮೂಗು ಮುರಿದರು. ಮೇಷ್ಟ್ರು ಊಟದ ಮೇಜಿನ ಮೇಲೆಯೇ ಬೆಸುಗೆ ಹಾಕಿ, ಮೇಜುಬಟ್ಟೆ ತೂತು ಮಾಡಿ, ಹೆಂಡತಿಯ ಕೈಲಿ ಬೈಸಿಕೊಂಡು ಪೆಟ್ಟಿಗೆ ಮುಗಿಸಿದರು. ಪರೀಕ್ಷೆಗೆ ಬಂದ ಚತುರರ ಕೈಗೆ ಇದ್ದಬದ್ದ ಪಾಸ್‌ವರ್ಡ್‌ಗಳನ್ನೆಲ್ಲ ಕೊಟ್ಟು, "ಗುಟ್ಟಿರುವ ಮೇಲಿನ ಕಂಪ್ಯೂಟರಿನಿಂದ ಎಲ್ಲರೂ ನೋಡುವ ಕೆಳಗಿನದಕ್ಕೆ ಒಂದಕ್ಷರ ಇಳಿಸಿ, ನೋಡೋಣ" ಎಂದರು. ವಾರವಿಡೀ ಹೆಣಗಿದರೂ ಅಕ್ಷರ ಇಳಿಯಲಿಲ್ಲ. ಅಂದಿನಿಂದ ಆ ಪೆಟ್ಟಿಗೆ ಕಚೇರಿಯ ಪ್ರತಿ ಮೇಜನ್ನೂ ಏರಿತು.

ಈಗ ನಿವೃತ್ತರಾಗಿದ್ದ ಮೇಷ್ಟ್ರು, ತಮ್ಮನ್ನು ಕಚೇರಿಗೆ ಕರೆಸಿಕೊಂಡ ಹೊಸ ನಿರ್ದೇಶಕರ ಮುಂದೆ ಈ ಕಥೆಯನ್ನು ಹೇಳಿ ಮುಗಿಸುವಷ್ಟರಲ್ಲಿ ನಿರ್ದೇಶಕರು ಎರಡು ಸಲ ಗಡಿಯಾರ ನೋಡಿದ್ದರು. ಮೇಷ್ಟ್ರ ಮಗಳಿಗಿಂತಲೂ ಚಿಕ್ಕ ವಯಸ್ಸಿನವರು, ಬಂದು ತಿಂಗಳಾಗಿತ್ತಷ್ಟೆ.

"ಅಂದ್ರೆ, ಪೆಟ್ಟಿಗೆ ತಪ್ಪು ಮಾಡಲ್ಲ ಅಂತೀರಿ."

"ತಪ್ಪೂ ಮಾಡಲ್ಲ, ಸುಳ್ಳೂ ಹೇಳಲ್ಲ."

"ಹಾಗಿದ್ರೆ ಅದನ್ನೇ ಬರೆದು ಸಹಿ ಹಾಕಿಕೊಡಿ ಸಾರ್. ನಿಮ್ಮ ಮೊಮ್ಮಗಳನ್ನ ಮೊನ್ನೇನೇ ಕೆಲಸದಿಂದ ತೆಗೆದಿದ್ದೀನಿ. ಆದ್ರೂ ದಿನಾ ಬರ್ತಿದ್ದಾರೆ. ಇವತ್ತು ಬೆಳಿಗ್ಗೆ ನಮಸ್ಕಾರ ಬೇರೆ ಹೇಳಿದ್ರು!"

ಮೇಷ್ಟ್ರಿಗೆ ಕುರ್ಚಿ ಒಂದಿಷ್ಟು ಜರುಗಿದಂತಾಯಿತು. ಕಚೇರಿಯ ಜಾಲವನ್ನು ನೋಡಿಕೊಳ್ಳುವ ಹುಡುಗಿ ಅವರ ಮಗಳ ಮಗಳು. ಅವರ ಮನೆಯಲ್ಲೇ ಇರುವವಳು. ಬೆಳಿಗ್ಗೆ ಬುತ್ತಿ ಹಿಡಿದು, "ಮಧ್ಯಾಹ್ನ ಸುಮ್ನೆ ಮಲಗು ತಾತ, ರೇಡಿಯೋ ಬಿಚ್ಚಬೇಡ" ಎಂದು ಗದರಿಸಿ ಹೋಗಿದ್ದಳು. ಕೆಲಸ ಕಳೆದುಕೊಂಡವರ ಮುಖ ಹಾಗಿರುತ್ತದೆಯೇ?

ನಿರ್ದೇಶಕರು ದೂರಿನ ಗಂಟು ಬಿಚ್ಚಿದರು. ಬಾಯಿಮಾತಿನಲ್ಲಿ ಆಜ್ಞೆ ಕೊಡುವ ಪದ್ಧತಿ ಅವರದಲ್ಲ. ಎಲ್ಲವೂ ಕಂಪ್ಯೂಟರಿನ ಮೂಲಕವೇ. ಬಂದ ದಿನದಿಂದ ಆದೇಶದ ಮೇಲೆ ಆದೇಶ ಕಳಿಸಿದ್ದಾರೆ, ಒಬ್ಬರೂ ಕ್ಯಾರೇ ಎಂದಿಲ್ಲ. ಪ್ರತಿ ಸಲವೂ ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ 'ಸ್ವೀಕೃತ' ಎಂದು ಮೂಡಿದೆ. ಪೆಟ್ಟಿಗೆ ಸ್ವೀಕರಿಸಿದ್ದು ನಿಜವಾದರೆ, ನಡುವೆ ನುಂಗುತ್ತಿರುವವರು ಜಾಲ ನೋಡಿಕೊಳ್ಳುವವರೇ ಅಲ್ಲವೇ?

"ಏನು ಆದೇಶ ಅವು?"

"ಅದನ್ನ ನಿಮಗೆ ಹೇಳೋ ಹಾಗಿಲ್ಲ." ಸ್ವಲ್ಪ ತಡೆದು, "ಒಂದು ಟೀ ವಿಷಯ" ಎಂದರು.

ಮೊಮ್ಮಗಳನ್ನು ಕರೆಸಿದರು. ಬಂದವಳು ತಾತನನ್ನು ಕಂಡು ಹುಬ್ಬೇರಿಸಿದಳು.

"ನೀನೇನು ಇಲ್ಲಿ? ರೇಡಿಯೋ ಬಿಚ್ಚಿದ್ದು ಸಾಲದೇ?"

"ನಿನ್ನನ್ನ ಕೆಲಸದಿಂದ ತೆಗೆದಿದ್ದಾರಂತಲ್ಲೇ."

"ಯಾರು?"

"ಇವರು."

"ಯಾವಾಗ?"

"ಮೊನ್ನೆ."

ಅವಳು ನಿರ್ದೇಶಕರತ್ತ ತಿರುಗಿದಳು. "ನಂಗ್ಯಾಕೆ ಹೇಳಲಿಲ್ಲ ಸಾರ್?"

"ಬರೆದು ಕಳಿಸಿದ್ದೀನಲ್ಲ!"

"ನೀವು ಬಂದಾಗಿನಿಂದ ನಿಮ್ಮಿಂದ ಒಂದು ಸಾಲೂ ಬಂದಿಲ್ಲ. ಹೊಸ ಸಾಹೇಬರು ಮೌನವ್ರತ ಅಂತ ನಾವೆಲ್ಲ ಮಾತಾಡ್ಕೊಂಡ್ವಿ."

ಈಗ ಇಬ್ಬರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಪೆಟ್ಟಿಗೆ ನಿಜವಾದರೆ ಮೊಮ್ಮಗಳು ಕಳ್ಳಿ. ಮನೆಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳಾಡುವವಳು. ಮೊಮ್ಮಗಳು ನಿಜವಾದರೆ ಪೆಟ್ಟಿಗೆ ಸುಳ್ಳು. ಅಂದರೆ ಬದುಕಿನ ಅರ್ಧಭಾಗವೇ ಸುಳ್ಳು. ಎರಡನ್ನೂ ಅವರೇ ಎತ್ತಿ ಬೆಳೆಸಿದ್ದು. ಮುಂದಿದ್ದ ಬಿಳಿ ಹಾಳೆಯ ಮೇಲೆ ಪೆನ್ನು ಇಟ್ಟರು, ತೆಗೆದರು, ಮತ್ತೆ ಇಟ್ಟರು. ವಯಸ್ಸಾಯಿತು, ಪೆಟ್ಟಿಗೆಗೋ ತಮಗೋ ತಿಳಿಯದು ಎಂದುಕೊಂಡರು. ಪೆಟ್ಟಿಗೆಗೂ ಮರೆವು ಬರುವುದುಂಟೇ?

"ತಾತ, ನೀನೂ ನಂಬಲ್ವಾ?" ಅವಳ ದನಿ ಸಣ್ಣಗಾಯಿತು.

"ಸುಮ್ನಿರೇ, ನಾನು ಯಾರನ್ನ ನಂಬಬೇಕು ಅಂತ ನಂಗೇ ಗೊತ್ತಾಗ್ತಿಲ್ಲ." ಮೇಷ್ಟ್ರು ಪೆನ್ನು ಬಿಸುಟರು. "ಸಾರ್, ಆ ಟೀ ವಿಷಯಾನೇ ಇನ್ನೊಂದ್ಸಲ ಬರೆದು ಕಳಿಸಿ. ನಾನು ನೋಡೋ ಹಾಗಿಲ್ಲ, ಗೋಡೆ ಕಡೆ ತಿರುಗ್ತೀನಿ."

ಅವರು ಗೋಡೆಗೆ ಮುಖ ಮಾಡಿ, ಶಿಕ್ಷೆಗೊಳಗಾದ ಶಾಲಾ ಹುಡುಗನಂತೆ ನಿಂತರು. ಮೊಮ್ಮಗಳೂ ತಿರುಗಿ ನಿಂತಳು. ನಿರ್ದೇಶಕರ ಬೆರಳುಗಳು ಟಕಟಕ ಎಂದವು. ಆಮೇಲೆ ಪೆಟ್ಟಿಗೆಯ ಒಡಲಿನಿಂದ ಸದ್ದು ಬಂತು: ಟಿಕ್, ಟಿಕ್.

ಮೇಷ್ಟ್ರು ಗೋಡೆಯನ್ನೇ ನೋಡುತ್ತ ಕೇಳಿದರು. "ಟೀಗೆ ಎರಡು ಸದ್ದು ಯಾಕೆ?"

"ಏನು?"

"ಸಾಮಾನ್ಯ ಬರಹಕ್ಕೆ ಪೆಟ್ಟಿಗೆಯೊಳಗಿನ ಸ್ವಿಚ್ಚು ಒಂದೇ ಸಲ ಬಡಿಯುತ್ತೆ. ಎರಡು ಸಲ ಬಡಿದ್ರೆ ಅದು ಅತಿಗೋಪ್ಯ. ನಿಮ್ಮ ಟೀ ಅತಿಗೋಪ್ಯ ಆಗಿದ್ದು ಹೇಗೆ?" ಅವರು ಗರ್ರನೆ ತಿರುಗಿದರು. "ಯಾವ ಕೀಲಿ ಹಾಕಿದ್ದೀರಿ?"

ಪೆಟ್ಟಿಗೆಯ ಸೀಳಿನಲ್ಲಿ ಬೆರಳುದ್ದದ ಕೆಂಪು ಕೀಲಿ ಹೊಳೆಯುತ್ತಿತ್ತು.

"ನನ್ನದೇ. ದೊಡ್ಡ ಕೀಲಿ."

"ಬಿಳೀದು ಕೊಟ್ಟಿರಲಿಲ್ವಾ?"

ನಿರ್ದೇಶಕರು ಮುಖ ಗಂಟಿಕ್ಕಿದರು. "ಕೊಟ್ಟಿದ್ರು. ಅದು ಟೀ ತರೋವನ ಕುತ್ತಿಗೇಲೂ ಇದೆ. ನಾನು ಅದನ್ನ ಹಾಕ್ಕೊಂಡು ಕೂತ್ಕೊಳ್ಲಾ? ಡ್ರಾಯರ್‌ನಲ್ಲಿ ಬಿದ್ದಿದೆ."

ಮೊಮ್ಮಗಳು ಹಣೆ ಚಚ್ಚಿಕೊಂಡು ನಕ್ಕಳು. ಮೇಷ್ಟ್ರು ಮಾತ್ರ ನಗಲಿಲ್ಲ. ಪಾಠದ ದನಿ ತಾನಾಗಿ ಹೊರಬಿತ್ತು. ಕೆಂಪು ಕೀಲಿ ಹಾಕಿದವರು ಎಲ್ಲವನ್ನೂ ಓದಬಹುದು. ಆದರೆ ಅವರು ಬರೆದದ್ದಕ್ಕೆಲ್ಲ ಪೆಟ್ಟಿಗೆ ಕೆಂಪು ಮುದ್ರೆ ಒತ್ತುತ್ತದೆ, ಅದನ್ನು ಕೆಂಪು ಕೀಲಿಯವರಷ್ಟೇ ಓದಬಹುದು. ಮೇಲಿದ್ದವರ ಬಾಯಿಂದ ಗುಟ್ಟು ಜಾರಿ ಕೆಳಗಿಳಿಯಬಾರದೆಂದೇ ಈ ಏರ್ಪಾಡು. ದಿನನಿತ್ಯದ ಮಾತಿಗೆ ಮೇಲಿನವರೂ ಬಿಳಿ ಕೀಲಿಯನ್ನೇ ಹಾಕಬೇಕು.

"ಅಂದ್ರೆ ನಾನು ಬರೆದದ್ದೆಲ್ಲ..."

"ಭದ್ರವಾಗಿದೆ. ಕೆಂಪು ಕೀಲಿ ಇರೋರು ಯಾರು ಬೇಕಾದ್ರೂ ಓದಬಹುದು."

"ಈ ಕಟ್ಟಡದಲ್ಲಿ ಕೆಂಪು ಕೀಲಿ ಯಾರ ಹತ್ರ ಇದೆ?"

"ನಿಮ್ಮೊಬ್ರ ಹತ್ರಾನೇ ಸಾರ್" ಎಂದಳು ಮೊಮ್ಮಗಳು.

ನಿರ್ದೇಶಕರು ಡ್ರಾಯರ್ ಎಳೆದು, ಬಿಳಿ ಕೀಲಿಯನ್ನು ಹುಡುಕಿ ತೆಗೆದು, ಯಾರಾದರೂ ನೋಡುತ್ತಿದ್ದಾರೆಯೇ ಎಂಬಂತೆ ಬಾಗಿಲತ್ತ ಕಣ್ಣಾಡಿಸಿ ಪೆಟ್ಟಿಗೆಗೆ ಹಾಕಿದರು. ಟೈಪ್ ಮಾಡಿದರು. ಟಿಕ್. ಒಂದೇ ಸದ್ದು. ಮರುಗಳಿಗೆಯಲ್ಲೇ ಟೀ ತರುವವನು ಬಾಗಿಲಲ್ಲಿ ಇಣುಕಿದ.

"ಸಾರ್, ಟೀ ಹತ್ತೂವರೆಗೆ ಅಂತ ಬಂದಿದೆ. ಈಗ ಹನ್ನೆರಡಾಯ್ತು. ತರ್ಲಾ, ಇಲ್ಲಾ ನಾಳೆ ಹತ್ತೂವರೆವರೆಗೂ ಕಾಯ್ಲಾ?"

"ಹೋಗಯ್ಯಾ!" ಎಂದು ಅವನನ್ನು ಅಟ್ಟಿ, ನಿರ್ದೇಶಕರು ತಲೆ ಹಿಡಿದು ಕೂತರು. "ಹಳೇವನ್ನೆಲ್ಲ ಕೆಳಗಿಳಿಸೋಕೆ ಆಗಲ್ವಾ?"

"ಆಗಲ್ಲ. ಮತ್ತೆ ಬರೀಬೇಕು, ಬಿಳೀದ್ರಲ್ಲಿ."

"ಇವರನ್ನ ತೆಗೆದದ್ದನ್ನೂ?"

"ಅದನ್ನೂ" ಎಂದರು ಮೇಷ್ಟ್ರು. ಪೆಟ್ಟಿಗೆಯ ನಿಯಮವನ್ನು ಮೊಮ್ಮಗಳಿಗಾಗಿ ತಿರುಚಲು ಬಾಯಿ ಬರಲಿಲ್ಲ.

ನಿರ್ದೇಶಕರು ಕೀಬೋರ್ಡಿನ ಮೇಲೆ ಬೆರಳಿಟ್ಟರು. 'ಆದೇಶಗಳನ್ನು ಪಾಲಿಸದ ಕಾರಣ' ಎಂದು ಎರಡು ಮೂರು ಸಲ ತುಟಿಯಲ್ಲೇ ಮಣಮಣಿಸಿದರು. ಯಾವ ಆದೇಶ? ಯಾರಿಗೆ ತಲುಪಿದ್ದು? ಹುಬ್ಬುಗಳು ಗಂಟಾದವು. ಕೊನೆಗೆ ಬೆರಳುಗಳನ್ನು ಒಂದೊಂದಾಗಿ ಎತ್ತಿಕೊಂಡರು.

"ನೀವು ಹೋಗಿ ಕೆಲಸ ನೋಡ್ಕೊಳ್ಳಮ್ಮ."

ಅವಳು ಹೋದಳು, ಹೋಗುವಾಗ ತಾತನ ತೋಳನ್ನು ಬಲವಾಗಿ ಚಿವುಟಿ ಹೋದಳು. ಅದು ಪ್ರೀತಿಯೋ ಸಿಟ್ಟೋ ಮೇಷ್ಟ್ರಿಗೆ ತಿಳಿಯಲಿಲ್ಲ. ಬಹುಶಃ ಎರಡೂ.

ನಿರ್ದೇಶಕರು ಒಂದು ಕೈಯಲ್ಲಿ ಕೆಂಪು ಕೀಲಿ, ಇನ್ನೊಂದರಲ್ಲಿ ಬಿಳಿಯದು ಹಿಡಿದು ತೂಗಿ ನೋಡುತ್ತಿದ್ದರು. ಗಡಿಯಾರದತ್ತ ಈಗ ಅವರ ಗಮನವಿರಲಿಲ್ಲ.

"ಮೇಷ್ಟ್ರೇ, ಒಂದಕ್ಷರಾನೂ ಇಳಿಸೋಕೆ ಆಗದೆ ಆ ಪರೀಕ್ಷಕರು ಸೋತ್ರಲ್ಲ... ಆಗ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಇನ್ನೊಂದ್ಸಲ ಹೇಳ್ತೀರಾ, ಮೊದಲಿನಿಂದ?"